ಸರಾಯೆವೊದ ಅಮಾನೆತ್

(ಗ್ರಂಥಾಲಯ ಸಪ್ತಾಹದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಅಡ್ಡಮಾತುಗಳನ್ನು ತೆಗೆಯಲು ಮನಸ್ಸಾಗಲಿಲ್ಲ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ‘ಪ್ರವಾಸಿ’ ಎಂದರು. ಆ ಮಾತಿಗೆ ನಾನು ಅರ್ಹಳಲ್ಲ. ಮೂವತ್ತೊಂದು ವರ್ಷ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಪುಸ್ತಕ ಕೊಟ್ಟು, ವಾಪಸು ಪಡೆದು, ತಡಮಾಡಿದವರಿಂದ ದಂಡ ವಸೂಲು ಮಾಡಿ ನಿವೃತ್ತಳಾದವಳು ನಾನು. ಕಾಶಿ, ಗೋವಾ, ಮಗಳ ಮನೆಯ ನೆಪದಲ್ಲಿ ವಿಯೆನ್ನಾ, ಇಷ್ಟೇ ನನ್ನ ತಿರುಗಾಟ. ಹೋದ ಸಲ ವಿಯೆನ್ನಾದಲ್ಲಿದ್ದಾಗ ಮಗಳು, “ಅಮ್ಮಾ, ವೆನಿಸ್ ನೋಡುತ್ತೀಯಾ, ಪ್ಯಾರಿಸ್ ನೋಡುತ್ತೀಯಾ?” ಎಂದು ಕೇಳಿದಳು. “ಸರಾಯೆವೊಗೆ ಕರೆದುಕೊಂಡು ಹೋಗು” ಎಂದೆ. ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು.

ಅದಕ್ಕೆ ಕಾರಣ ಒಂದು ಪತ್ರಿಕೆಯ ತುಣುಕು. 1992ರ ಆಗಸ್ಟ್ ಕೊನೆ. ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ ಆ ದೇಶದ ರಾಷ್ಟ್ರೀಯ ಗ್ರಂಥಾಲಯ ಹೊತ್ತಿ ಉರಿಯುತ್ತಿರುವ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಕತ್ತರಿಸಿ ಸೂಚಿ ಕಾರ್ಡುಗಳ ಒಂದು ಡ್ರಾಯರಿನ ಒಳಬದಿಗೆ ಅಂಟಿಸಿದೆ. ಕಾರ್ಡುಗಳ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಆ ತೇಗದ ಡ್ರಾಯರುಗಳೆಲ್ಲ ಗುಜರಿಗೆ ಹೋದವು. ತುಣುಕನ್ನು ಮಾತ್ರ ಬಿಡಿಸಿಕೊಂಡು ಮನೆಗೆ ತಂದೆ. ಹೀಗಾಗಿ ನಾನು ಆ ಊರಿಗೆ ಹೋದದ್ದು ಊರು ನೋಡಲು ಎನ್ನುವುದಕ್ಕಿಂತ ಆ ಕಟ್ಟಡ ನೋಡಲು. ಊರು ತಾನಾಗಿ ಸಿಕ್ಕಿತು.

ಶಾಲೆಯಲ್ಲಿ ಮೊದಲನೆಯ ಮಹಾಯುದ್ಧದ ಪಾಠ ಓದುವಾಗ ನಾವು ‘ಸರಜೇವೊ’ ಎನ್ನುತ್ತಿದ್ದೆವು. ಅಲ್ಲಿಯವರು ‘ಸರಾಯೆವೊ’ ಎನ್ನುತ್ತಾರೆ. ‘ಸರಾಯ್’ ಎಂದರೆ ಅರಮನೆ. ನಮ್ಮ ದಾರಿಬದಿಯ ಸರಾಯಿಗಳ ಹೆಸರಿನಲ್ಲಿರುವುದೂ ಇದೇ ಪದ. ಇಸಾ ಬೇಗ್ ಎಂಬ ಒಟ್ಟೊಮನ್ ಅಧಿಕಾರಿ 1460ರ ದಶಕದಲ್ಲಿ ಮಿಲ್ಯಾಟ್ಸ್ಕಾ ನದಿಯ ದಡದಲ್ಲಿ ಒಂದು ಸರಾಯ್, ಒಂದು ಮಸೀದಿ, ಒಂದು ಸ್ನಾನಗೃಹ, ಒಂದು ಸಂತೆಬೀದಿ ಕಟ್ಟಿಸಿದ. ಸುತ್ತ ಬೆಟ್ಟ, ನಡುವೆ ಕಿರಿದಾದ ಕಣಿವೆ. ಊರು ಉದ್ದಕ್ಕೆ ಬೆಳೆಯಬೇಕೇ ಹೊರತು ಅಗಲಕ್ಕೆ ಜಾಗವಿಲ್ಲ. ಆದ್ದರಿಂದ ಅಲ್ಲಿ ಚರಿತ್ರೆಯೂ ಉದ್ದಕ್ಕೇ ಮಲಗಿದೆ. ಪೂರ್ವದ ತುದಿಯಲ್ಲಿ ತುರ್ಕರ ಕಾಲದ ಪೇಟೆ. ಫೆರ್ಹಾದಿಯಾ ಎಂಬ ಬೀದಿಯಲ್ಲಿ ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ಇದ್ದಕ್ಕಿದ್ದಂತೆ ಕಾಲ ಕೆಳಗಿನ ಹಾಸುಗಲ್ಲು ಬದಲಾಗುತ್ತದೆ, ಎರಡೂ ಬದಿಯ ಮನೆಗಳು ಎತ್ತರವಾಗಿ ವಿಯೆನ್ನಾದ ಮುಖ ಹೊತ್ತು ನಿಲ್ಲುತ್ತವೆ. 1878ರಲ್ಲಿ ಬಂದ ಆಸ್ಟ್ರಿಯಾ-ಹಂಗೆರಿಯವರ ಕಾಲ ಅದು. ಇನ್ನೂ ಮುಂದೆ ಹೋದರೆ ಯುಗೊಸ್ಲಾವಿಯಾದ ಕಾಂಕ್ರೀಟ್ ಕಟ್ಟಡಗಳು.

ಈ ಬೀದಿಯ ಆಸುಪಾಸಿನಲ್ಲೇ ಮಸೀದಿ, ಆರ್ಥಡಾಕ್ಸ್ ಚರ್ಚು, ಕ್ಯಾಥೊಲಿಕ್ ಕ್ಯಾಥೆಡ್ರಲ್, ಯಹೂದಿಗಳ ಸಿನಗಾಗ್ ನಾಲ್ಕೂ ಇವೆ. ಅದಕ್ಕೇ ‘ಯುರೋಪಿನ ಜೆರುಸಲೇಮ್’ ಎಂದು ಪ್ರತಿಯೊಂದು ಕರಪತ್ರದಲ್ಲೂ ಅಚ್ಚು ಹಾಕಿರುತ್ತಾರೆ. ನನಗೆ ಆ ಬಿರುದು ಅಷ್ಟು ರುಚಿಸಲಿಲ್ಲ. ಗೋಡೆಗೆ ಗೋಡೆ ತಾಗಿದ ಮಾತ್ರಕ್ಕೆ ಜನ ಕೂಡಿ ಬಾಳುತ್ತಾರೆ ಎಂದೇನೂ ಇಲ್ಲ, ಅದು ನಮಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಮಾತು.

ನಾವು ಇಳಿದುಕೊಂಡದ್ದು ಬೆಟ್ಟದ ಮಗ್ಗುಲಿನ ಒಂದು ‘ಮಹಾಲಾ’ದಲ್ಲಿ. ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಮೊಹಲ್ಲಾವೇ. ತುರ್ಕಿ, ಫಾರ್ಸಿ, ಅರಬಿಯ ಪದಗಳು ನಮ್ಮಲ್ಲಿಗೂ ಬಂದವು, ಅಲ್ಲಿಗೂ ಹೋದವು. ನಮ್ಮ ಉತ್ತರ ಕರ್ನಾಟಕದ ದುಕಾನು ಅಲ್ಲಿ ‘ದುಚಾನ್’, ಜೇಬು ‘ಜೆಪ್’, ಭಕ್ಷೀಸು ‘ಬಕ್ಷಿಶ್’. ಮನೆಯೊಡತಿ ಎಪ್ಪತ್ತು ದಾಟಿದ ಹೆಂಗಸು. 1992ರಿಂದ 1995ರವರೆಗೆ ನಡೆದ ಬೋಸ್ನಿಯಾ ಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ನಿರಾಶ್ರಿತರಾಗಿದ್ದವರು, ಹಾಗಾಗಿ ಮಗಳ ಜೊತೆ ಜರ್ಮನ್‌ನಲ್ಲಿ ಮಾತನಾಡುತ್ತಿದ್ದರು. ಕೀಲಿಕೈ ಕೊಡುವಾಗ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೋರಿಸಿ ‘ಬಳಸಿಕೊಳ್ಳಿ’ ಎಂದರು. ಗಾಜಿನ ಬೀರುವಿನಲ್ಲಿದ್ದ ಒಂದು ತಾಮ್ರದ ಕಾಫಿ ಸೆಟ್ಟಿನ ಮುಂದೆ ನಿಂತು ಮಾತ್ರ ಬೆರಳಾಡಿಸಿ, “ಅಮಾನೆತ್” ಎಂದರು. ಅದು ಅವರದಲ್ಲ. 1992ರಲ್ಲಿ ಊರು ಬಿಟ್ಟ ನೆರೆಮನೆಯವರು ಇಟ್ಟುಹೋದದ್ದು. ಬೀಗ ಹಾಕಿ ಹೊರಟಾಗ ಇವರು ಅದನ್ನು ಯಾರದೋ ನೆಲಮಾಳಿಗೆಯಲ್ಲಿ ಇಟ್ಟರು, ವಾಪಸು ಬಂದ ಮೇಲೆ ತಂದು ತೊಳೆದು ಬೀರುವಿಗೆ ಸೇರಿಸಿದರು. ನೆರೆಮನೆಯವರು ಇನ್ನೂ ಬಂದಿಲ್ಲ.

ನಾನು ನಕ್ಕೆ, ಆಮೇಲೆ ಯಾಕೆ ನಕ್ಕೆ ಎಂದು ಮಗಳ ಮೂಲಕ ವಿವರಿಸಬೇಕಾಯಿತು. ಅಮಾನೆತ್ ಎಂದರೆ ನಮ್ಮ ‘ಅಮಾನತ್ತು’. ನಂಬಿ ಒಪ್ಪಿಸಿದ ಒಡವೆ, ಇಡುಗಂಟು. ನಮ್ಮ ಹಳೆಯ ದಫ್ತರುಗಳಲ್ಲಿ ಠೇವಣಿಗೆ ಈ ಪದವಿದೆ. ಆದರೆ ಈಗ ಕನ್ನಡ ಪತ್ರಿಕೆಯಲ್ಲಿ ಅಮಾನತ್ತಾಗುವುದು ಲಂಚ ತಿಂದ ಅಧಿಕಾರಿ ಮಾತ್ರ! ಅವನನ್ನು ಕೆಲಸದಿಂದ ಎತ್ತಿ ಪಕ್ಕಕ್ಕೆ ಇಡುತ್ತೇವೆ, ವಿಚಾರಣೆ ಮುಗಿಯುವವರೆಗೆ. ಅದೂ ಒಂದು ಬಗೆಯ ಜೋಪಾನವೇ ಎನ್ನಿ. ಮನೆಯೊಡತಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಆರು ದಿನವೂ ನಾನು ಆ ಊರನ್ನು ಈ ಒಂದೇ ಪದದ ಕಿಂಡಿಯಿಂದ ನೋಡಿದೆ. ಇವತ್ತು ಹೇಳಬೇಕೆಂದಿರುವುದೂ ಅಷ್ಟೇ. ಅಲ್ಲಿ ಉಳಿದಿರುವ ಬೆಲೆಬಾಳುವ ವಸ್ತುಗಳಲ್ಲಿ ಎಷ್ಟೋ ಉಳಿದದ್ದು ಅವು ಯಾರದಾಗಿದ್ದವೋ ಅವರಿಂದಲ್ಲ, ಬೇರೆ ಯಾರೋ ಕಾದದ್ದರಿಂದ.

ಆದರೆ ಮೊದಲು ಕಾಫಿ. ಸಭೆಯಲ್ಲಿ ಚಿಕ್ಕಮಗಳೂರಿನವರು ಇದ್ದೀರಿ ಎಂದು ಕೇಳಿದೆ.

ಬೋಸ್ನಿಯಾದ ಕಾಫಿಯನ್ನು ತುರ್ಕಿ ಕಾಫಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ವ್ಯತ್ಯಾಸ ಮಾಡುವ ಕ್ರಮದಲ್ಲಿದೆ. ‘ಜೆಜ್ವಾ’ ಎನ್ನುವ ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿ ನೀರು ಕುದಿಸುತ್ತಾರೆ. ಸ್ವಲ್ಪ ನೀರನ್ನು ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ಹಿಟ್ಟಿನಷ್ಟು ನುಣ್ಣಗೆ ಬೀಸಿದ ಪುಡಿ ಹಾಕುತ್ತಾರೆ. ಮತ್ತೆ ಬೆಂಕಿಗೆ ಹಿಡಿದರೆ ನೊರೆ ಉಕ್ಕಿ ಬರುತ್ತದೆ. ಉಕ್ಕಿ ಚೆಲ್ಲುವ ಮೊದಲು ಇಳಿಸಿ, ತೆಗೆದಿಟ್ಟ ನೀರನ್ನು ಮೇಲಿನಿಂದ ಹೊಯ್ಯುತ್ತಾರೆ. ಗಸಿ ಕೆಳಗಿಳಿಯುತ್ತದೆ. ಒಂದು ದುಂಡನೆಯ ತಟ್ಟೆಯಲ್ಲಿ ಆ ಜೆಜ್ವಾ, ಹಿಡಿಯಿಲ್ಲದ ಪುಟ್ಟ ಬಟ್ಟಲು ‘ಫಿಲ್ಜಾನ್’, ಸಕ್ಕರೆ ಉಂಡೆ, ಒಂದು ಲೋಟ ನೀರು, ಒಂದು ತುಂಡು ರಹಾತ್ ಲೋಕುಂ ಎನ್ನುವ ಮೆತ್ತನೆಯ ಸಿಹಿ. ಸಕ್ಕರೆಯನ್ನು ಕಾಫಿಗೆ ಹಾಕಿ ಕಲಕಿದರೆ ನೀವು ಹೊಸಬರು ಎಂದು ಗೊತ್ತಾಗುತ್ತದೆ. ಉಂಡೆಯ ಮೂಲೆಯನ್ನು ಕಾಫಿಯಲ್ಲಿ ಅದ್ದಿ, ಕಚ್ಚಿಕೊಂಡು, ಅದರ ಮೇಲೆ ಗುಟುಕು ಹೀರಬೇಕು. ನಮ್ಮ ಅಜ್ಜಿಯಂದಿರು ಬೆಲ್ಲ ಕಚ್ಚಿಕೊಂಡು ಕಾಫಿ ಕುಡಿಯುತ್ತಿದ್ದ ಹಾಗೆ. ನಾನು ಮೊದಲನೆಯ ದಿನವೇ ಪಾಸಾದೆ.

ಮನೆಗೆ ಬಂದವರಿಗೆ ಕೊಡುವ ಕಾಫಿಗೆ ಮೂರು ಹೆಸರುಗಳಿವೆ. ಬಂದ ಕೂಡಲೇ ಕೊಡುವುದು ‘ದೊಚೆಕುಶಾ’, ಸ್ವಾಗತದ್ದು. ಕುಳಿತು ಹರಟುವಾಗ ‘ರಜ್ಗೊವೊರುಶಾ’, ಮಾತಿನದ್ದು. ಮೂರನೆಯದು ‘ಸಿಕ್ತೆರುಶಾ’. ಅದನ್ನು ತಂದಿಟ್ಟರೆ ‘ಇನ್ನು ಹೊರಡಿ’ ಎಂದು ಅರ್ಥ. ‘ಸಿಕ್ತೆರ್’ ಎನ್ನುವುದು ತುರ್ಕಿಯಲ್ಲಿ ಸಭೆಯಲ್ಲಿ ಹೇಳಬಾರದ ಬೈಗುಳ. ಅತಿಥಿಗೆ ಬೈಗುಳವನ್ನೂ ಬಟ್ಟಲಲ್ಲಿಟ್ಟು ಸಕ್ಕರೆಯ ಜೊತೆ ಕೊಡುವ ಜಾಣತನ ನನಗೆ ಬಹಳ ಹಿಡಿಸಿತು.

ಹಳೆಯ ಪೇಟೆಯ ಹೆಸರು ಬಾಷ್‌ಚಾರ್ಶಿಯಾ. ಅದರ ನಡುವೆ ಮರದ ಕೆತ್ತನೆಯ ಒಂದು ಮಂಟಪವಿದೆ, ‘ಸೆಬಿಲ್’ ಎನ್ನುತ್ತಾರೆ. ನಮ್ಮ ಅರವಟಿಗೆ. ಹದಿನೆಂಟನೆಯ ಶತಮಾನದಲ್ಲಿ ಒಬ್ಬ ಪಾಶಾ ಕಟ್ಟಿಸಿದ್ದು. ಈಗ ಕಾಣುವುದು 1891ರಲ್ಲಿ ಸ್ವಲ್ಪ ಪಕ್ಕಕ್ಕೆ ಹೊಸದಾಗಿ ನಿಲ್ಲಿಸಿದ ರೂಪ. ಸುತ್ತ ಪಾರಿವಾಳಗಳು. ಇದರ ನೀರು ಕುಡಿದವರು ಮತ್ತೆ ಈ ಊರಿಗೆ ಬಂದೇ ಬರುತ್ತಾರೆ ಎಂದು ನಂಬಿಕೆ. ನಾನು ಎರಡು ಸಲ ಕುಡಿದೆ.

ಅಲ್ಲಿಂದ ಕೂಗಳತೆಯಲ್ಲಿ ಕಂಚುಗಾರರ ಓಣಿ, ಕಜಾನ್‌ಜಿಲುಕ್. ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಜಾಗ ಅದು. ಹತ್ತಾರು ಸುತ್ತಿಗೆಗಳು ಬೇರೆ ಬೇರೆ ಲಯದಲ್ಲಿ ತಾಮ್ರ ಬಡಿಯುತ್ತಿರುತ್ತವೆ. ಒಂದು ಅಂಗಡಿಯ ಹಿರಿಯ ಒಂದು ಜೆಜ್ವಾವನ್ನು ಕೈಗಿತ್ತ. ಹೊರಗೆ ಕೆಂಪು, ಒಳಗೆ ಬೆಳ್ಳಿಯ ಹೊಳಪು. ಒಳಗೆ ಬೆರಳಿಟ್ಟು “ಕಲಾಯ್” ಎಂದ. ನನ್ನ ಬಾಯಿಂದಲೂ “ಕಲಾಯಿ” ಎಂದು ಒಟ್ಟಿಗೇ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನಗೆ ನಮ್ಮ ಬೀದಿಯ ಕಲಾಯಿಯವರು ನೆನಪಾದರು. ಮನೆಯ ಮುಂದೆ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ತಾಗಿಸಿ ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆ ಬೆಳದಿಂಗಳು. ಆ ಹಿರಿಯನೂ ಅದನ್ನೇ ಕೈಸನ್ನೆಯಲ್ಲಿ ಮಾಡಿ ತೋರಿಸಿದ, ಬಟ್ಟೆ ಒರೆಸುವ ಕೈಯ ತಿರುವು ಕೂಡ ಒಂದೇ! ಅವನ ಅಂಗಡಿಯ ಇನ್ನೊಂದು ಕಡೆ ಫಿರಂಗಿ ಗುಂಡಿನ ಹಿತ್ತಾಳೆ ಕೋಶಗಳ ಮೇಲೆ ಹೂಬಳ್ಳಿ ಕೆತ್ತಿ ಹೂದಾನಿ ಮಾಡಿ ಇಟ್ಟಿದ್ದ. ಮುತ್ತಿಗೆಯಲ್ಲಿ ಊರಿನ ಮೇಲೆ ಬಿದ್ದ ಲೋಹ. ಅದನ್ನು ಕೊಳ್ಳಲು ನನಗೆ ಕೈ ಬರಲಿಲ್ಲ. ಜೆಜ್ವಾ ಕೊಂಡೆ.

ಈ ಪೇಟೆಯ ಬಹುಭಾಗವನ್ನು ಕಟ್ಟಿಸಿದವನು ಗಾಜಿ ಹುಸ್ರೆವ್ ಬೇಗ್. ಒಟ್ಟೊಮನ್ ಸುಲ್ತಾನನ ಮೊಮ್ಮಗ, ಬೋಸ್ನಿಯಾದ ಆಡಳಿತಗಾರ, 1541ರಲ್ಲಿ ತೀರಿಕೊಂಡ. 1530ರ ಸುಮಾರಿಗೆ ಮುಗಿದ ಅವನ ಮಸೀದಿ ಇಂದಿಗೂ ಊರಿನ ಮುಖ್ಯ ಮಸೀದಿ. ಅದರ ಖರ್ಚಿಗೆಂದು ಅಂಗಡಿಸಾಲು, ಛತ್ರ, ಸ್ನಾನಗೃಹಗಳನ್ನು ವಕ್ಫ್ ಮಾಡಿಟ್ಟ. ನನಗೆ ಮಸೀದಿಗಿಂತ ಹೆಚ್ಚು ಬೇಕಾದದ್ದು ಎದುರಿನ ಮದರಸಾ. ಅದಕ್ಕೆ 1537ರಲ್ಲಿ ಬರೆಸಿದ ದಾನಪತ್ರದಲ್ಲಿ ಒಂದು ಷರತ್ತು ಇದೆ. ಕಟ್ಟಡಕ್ಕೆ ಕೊಟ್ಟ ಹಣದಲ್ಲಿ ಮಿಕ್ಕಿದ್ದರಿಂದ ಒಳ್ಳೆಯ ಪುಸ್ತಕಗಳನ್ನು ಕೊಳ್ಳಬೇಕು, ಓದುವವರು ಓದಲಿ, ನಕಲು ಮಾಡಿಕೊಳ್ಳುವವರು ಮಾಡಿಕೊಳ್ಳಲಿ ಎಂದು. ಆ ಗ್ರಂಥಾಲಯ ಈಗಲೂ ಇದೆ. ಕಟ್ಟಡದ ಹಣದಲ್ಲಿ ಮಿಕ್ಕಿತು ಎನ್ನುವುದೇ ಒಂದು ಸೋಜಿಗ. ನಮ್ಮಲ್ಲಿ ಪುಸ್ತಕಕ್ಕೆಂದು ಬಂದ ಹಣ ಕಟ್ಟಡಕ್ಕೆ ಹೋಗುವುದನ್ನು ಮೂವತ್ತೊಂದು ವರ್ಷ ನೋಡಿದ್ದೇನೆ.

ಮಸೀದಿಯ ಪಕ್ಕದ ಗಡಿಯಾರದ ಗೋಪುರದ ಬಗ್ಗೆ ಒಂದೇ ಮಾತು. ಅದರ ಮುಳ್ಳುಗಳು ಸದಾ ‘ತಪ್ಪು’ ತೋರಿಸುತ್ತವೆ. ಅಲ್ಲಿ ಸೂರ್ಯ ಮುಳುಗಿದಾಗ ಹನ್ನೆರಡು ಗಂಟೆ. ಹಗಲು ಹಿಗ್ಗಿ ಕುಗ್ಗಿದಂತೆ ಗಡಿಯಾರವನ್ನೂ ಸರಿಪಡಿಸುತ್ತಿರಬೇಕು. ಆ ಕೆಲಸಕ್ಕೆಂದೇ ಒಬ್ಬ ‘ಮುವೆಕಿತ್’ ಇರುತ್ತಾನೆ. ಪಂಚಾಂಗ ನೋಡಿ ಬೆಳೆದ ನಮಗೆ ಇದು ಅಷ್ಟು ವಿಚಿತ್ರವೆನಿಸುವುದಿಲ್ಲ.

ಇನ್ನು ನಾನು ಹುಡುಕಿಕೊಂಡು ಹೋದ ಕಟ್ಟಡ. ವಿಯೆಚ್ನಿಟ್ಸಾ.

ಅದು ಮೊದಲು ನಗರಸಭೆ. ಆಸ್ಟ್ರಿಯಾದವರು 1896ರಲ್ಲಿ ಉದ್ಘಾಟಿಸಿದರು. ಕೈರೋ, ಸ್ಪೇನ್‌ಗಳ ಮೂರಿಶ್ ಶೈಲಿಯನ್ನು ಅನುಕರಿಸಿದ, ಪಟ್ಟೆ ಪಟ್ಟೆ ಗೋಡೆಯ, ಬಣ್ಣದ ಗಾಜಿನ ಚಾವಣಿಯ ಕಟ್ಟಡ. ಅದನ್ನು ಕಟ್ಟುವಾಗ ಜಾಗದಲ್ಲಿದ್ದ ಒಬ್ಬ ಮುದುಕ ಮನೆ ಬಿಟ್ಟುಕೊಡಲು ಒಪ್ಪಲಿಲ್ಲವಂತೆ. ಕೊನೆಗೆ ಒಂದು ಚೀಲ ಚಿನ್ನದ ನಾಣ್ಯ ಕೊಡಬೇಕು, ಮನೆಯ ಒಂದೊಂದು ಇಟ್ಟಿಗೆಯನ್ನೂ ಎತ್ತಿಕೊಂಡು ಹೋಗಿ ನದಿಯ ಆಚೆ ದಡದಲ್ಲಿ ಹಾಗೆಯೇ ಕಟ್ಟಿಕೊಡಬೇಕು ಎಂದನಂತೆ. ಸರ್ಕಾರ ಹಾಗೇ ಮಾಡಿತಂತೆ. ‘ಇನಾತ್ ಕುಚಾ’ ಎಂದು ಆ ಮನೆಯ ಹೆಸರು, ಹಠದ ಮನೆ. ಈಗ ಅಲ್ಲಿ ಹೋಟೆಲು ಇದೆ. ಕಥೆಯಲ್ಲಿ ‘ಅಂತೆ’ಗಳು ಜಾಸ್ತಿ ಇವೆ ನಿಜ, ಆದರೆ ಊರಿನವರು ಅದನ್ನು ಹೇಳುವಾಗ ಅವರ ಮುಖ ನೋಡಬೇಕು.

1914ರ ಜೂನ್ 28ರಂದು ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನಾಂಡ್ ಕೊನೆಯ ಸನ್ಮಾನ ಸ್ವೀಕರಿಸಿದ್ದೂ ಇದೇ ವಿಯೆಚ್ನಿಟ್ಸಾದಲ್ಲಿ. ಬೆಳಿಗ್ಗೆಯೇ ಒಂದು ಬಾಂಬಿನಿಂದ ತಪ್ಪಿಸಿಕೊಂಡು ಬಂದಿದ್ದ. ಇಲ್ಲಿಂದ ಹೊರಟು, ಚಾಲಕ ತಪ್ಪು ತಿರುವು ತೆಗೆದುಕೊಂಡು, ಲ್ಯಾಟಿನ್ ಸೇತುವೆಯ ಮೂಲೆಯಲ್ಲಿ ಗಾವ್ರಿಲೊ ಪ್ರಿನ್ಸಿಪ್‌ನ ಗುಂಡಿಗೆ ಹೆಂಡತಿ ಸೋಫಿಯ ಜೊತೆ ಬಲಿಯಾದ. ಆ ಮೂಲೆಯಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಮುಂದಿನದು ನಿಮಗೆ ಪಠ್ಯಪುಸ್ತಕದಲ್ಲೇ ಇದೆ.

ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಕಟ್ಟಡ ಗ್ರಂಥಾಲಯವಾಯಿತು. 1992ರ ಏಪ್ರಿಲ್‌ನಲ್ಲಿ ಬೋಸ್ನಿಯನ್ ಸೆರ್ಬ್ ಪಡೆಗಳು ಸುತ್ತಲಿನ ಬೆಟ್ಟಗಳನ್ನು ಹಿಡಿದು ಊರಿಗೆ ಮುತ್ತಿಗೆ ಹಾಕಿದವು. ಆಗಸ್ಟ್ 25ರ ರಾತ್ರಿ ಬೆಂಕಿ ಹಚ್ಚುವ ಶೆಲ್ಲುಗಳು ನೇರವಾಗಿ ಈ ಕಟ್ಟಡದ ಮೇಲೆ ಬಿದ್ದವು. ನೀರಿನ ಸರಬರಾಜು ಇಲ್ಲ. ಗ್ರಂಥಪಾಲಕರು, ಊರಿನವರು ಕೈಯಿಂದ ಕೈಗೆ ಪುಸ್ತಕ ದಾಟಿಸಿ ಒಂದಿಷ್ಟನ್ನು ಹೊರತೆಗೆದರು. ಆ ಹೊತ್ತಿನಲ್ಲಿ ಶೆಲ್ಲಿಗೆ ಸಿಕ್ಕಿ ಸತ್ತವರಲ್ಲಿ ಆಯಿದಾ ಬುಟುರೊವಿಚ್ ಎಂಬ ಗ್ರಂಥಪಾಲಕಿ ಒಬ್ಬರು. ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಪುಸ್ತಕ, ನಿಯತಕಾಲಿಕ, ದಾಖಲೆಗಳು ನಾಶವಾದವು ಎಂದು ಬಾಗಿಲ ಬಳಿಯ ಫಲಕ ಹೇಳುತ್ತದೆ. ಸುಟ್ಟ ಹಾಳೆಗಳು ಕಪ್ಪು ಚೂರುಗಳಾಗಿ ಊರ ಮೇಲೆಲ್ಲ ತೇಲಿ ಬಿದ್ದವಂತೆ. ನಮ್ಮ ಮನೆಯೊಡತಿಯ ಅಕ್ಕ ಆಗ ಊರಿನಲ್ಲೇ ಇದ್ದರು. ಒಂದು ಚೂರನ್ನು ಅಂಗೈಯಲ್ಲಿ ಹಿಡಿದಾಗ ಅಕ್ಷರಗಳು ಕ್ಷಣಮಾತ್ರ ಬೂದಿಯ ಮೇಲೆ ಬೆಳ್ಳಗೆ ಕಂಡವು, ಆಮೇಲೆ ಪುಡಿಯಾದವು ಎಂದು ತಂಗಿಗೆ ಹೇಳಿದ್ದರಂತೆ.

1994ರ ಜೂನ್‌ನಲ್ಲಿ, ಮುತ್ತಿಗೆ ಇನ್ನೂ ನಡೆಯುತ್ತಿರುವಾಗಲೇ, ಈ ಸುಟ್ಟ ಕಟ್ಟಡದೊಳಗೆ ನಿಂತು ಸತ್ತವರ ಶಾಂತಿಗಾಗಿ ಹಾಡುವ ಮೊಝಾರ್ಟ್‌ನ ರಿಕ್ವಿಯಮ್ ನಡೆಸಿಕೊಟ್ಟವರು ನಮ್ಮ ಮುಂಬೈಯ ಜುಬಿನ್ ಮೆಹ್ತಾ. ಸರಾಯೆವೊದ ಫಿಲ್‌ಹಾರ್ಮೊನಿಕ್ ವಾದ್ಯವೃಂದವೇ ನುಡಿಸಿತು.

2014ರ ಮೇ ತಿಂಗಳಲ್ಲಿ ಕಟ್ಟಡ ಮತ್ತೆ ತೆರೆಯಿತು. ಜೀರ್ಣೋದ್ಧಾರ ಸೊಗಸಾಗಿದೆ, ಬಣ್ಣ, ಚಿನ್ನದ ಗೀರು, ಕಂಬ ಎಲ್ಲ ಹೊಸದಾಗಿ ಮಿರುಗುತ್ತವೆ. ಮದುವೆ ಮನೆಯ ಹಾಗೆ. ನಾನು ಮಹಡಿ ಮಹಡಿ ಹತ್ತಿ ಇಳಿದು, ಕೊನೆಗೆ ಟಿಕೆಟ್ ಕೊಡುವ ಹುಡುಗಿಯ ಬಳಿ “ಪುಸ್ತಕಗಳು ಎಲ್ಲಿ?” ಎಂದು ಕೇಳಿದೆ. ಗ್ರಂಥಾಲಯ ಇಲ್ಲಿಗೆ ವಾಪಸು ಬಂದಿಲ್ಲ. ಕಟ್ಟಡ ಈಗ ನಗರಸಭೆಯದು, ಪ್ರದರ್ಶನಗಳಿವೆ, ಸಮಾರಂಭಗಳು ನಡೆಯುತ್ತವೆ. ಗ್ರಂಥಾಲಯ ಇರುವುದು ವಿಶ್ವವಿದ್ಯಾಲಯದ ಆವರಣದಲ್ಲಿ, ಹಿಂದೆ ಸೈನ್ಯದ ಬ್ಯಾರಕ್ ಆಗಿದ್ದ ಜಾಗದಲ್ಲಿ. ನಾನು ಮೂವತ್ತು ವರ್ಷ ಇಟ್ಟುಕೊಂಡಿದ್ದ ತುಣುಕಿನ ಕಟ್ಟಡದೊಳಗೆ ಒಂದೂ ಕಪಾಟು ಕಾಣದೆ ನಿಂತಿದ್ದೆ. ಮಗಳು ಏನೂ ಮಾತನಾಡಲಿಲ್ಲ, ಕೈ ಹಿಡಿದುಕೊಂಡಳು.

ಆದರೆ ಆ ಊರಿನಲ್ಲಿ ಪುಸ್ತಕ ಉಳಿದ ಕಥೆಗಳೂ ಇವೆ.

ಬೋಸ್ನಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮಂದ ಬೆಳಕಿನ ಒಂದು ಕೋಣೆ, ಗಾಜಿನೊಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಪುಸ್ತಕ. ಅದು ಸರಾಯೆವೊ ಹಗ್ಗಾದಾ. ಪಾಸೋವರ್ ಹಬ್ಬದ ರಾತ್ರಿ ಯಹೂದಿ ಕುಟುಂಬಗಳು ಊಟದ ಮೇಜಿನ ಸುತ್ತ ಕುಳಿತು ಓದುವ ಗ್ರಂಥ. ಸುಮಾರು 1350ರಲ್ಲಿ ಬಾರ್ಸೆಲೋನಾದ ಕಡೆ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದದ್ದು, ಚಿನ್ನ, ನೀಲಿಯ ಚಿತ್ರಗಳು. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿತು. ಹೊರಬಿದ್ದವರಲ್ಲಿ ಎಷ್ಟೋ ಜನರಿಗೆ ಒಟ್ಟೊಮನ್ ಊರುಗಳು ನೆಲೆ ಕೊಟ್ಟವು. ಸರಾಯೆವೊಗೆ ಬಂದವರು ತಮ್ಮ ಹಳೆಯ ಸ್ಪ್ಯಾನಿಷನ್ನೇ ನಾನೂರು ವರ್ಷ ಮನೆಯಲ್ಲಿ ಆಡಿದರು. ಈ ಪುಸ್ತಕ ಇಟಲಿಯನ್ನು ಹಾದು ಇಲ್ಲಿಗೆ ಬಂತು. ಒಂದು ಕುಟುಂಬ ಅದನ್ನು 1894ರಲ್ಲಿ ಸಂಗ್ರಹಾಲಯಕ್ಕೆ ಮಾರಿತು. ಹಾಳೆಗಳ ಮೇಲೆ ದ್ರಾಕ್ಷಾರಸದ ಕಲೆಗಳಿವೆ. ಅಂದರೆ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ ಪುಸ್ತಕವಲ್ಲ, ಊಟದ ಮೇಜಿನ ಮೇಲಿದ್ದ ಪುಸ್ತಕ. ಮಕ್ಕಳು ಲೋಟ ಉರುಳಿಸಿರಬೇಕು.

1942ರಲ್ಲಿ ನಾಜಿ ಸೇನಾಧಿಕಾರಿಯೊಬ್ಬ ಇದನ್ನು ಕೇಳಿಕೊಂಡು ಸಂಗ್ರಹಾಲಯಕ್ಕೆ ಬಂದ. ಅಲ್ಲಿನ ಗ್ರಂಥಪಾಲಕ ದೆರ್ವಿಶ್ ಕೋರ್ಕುತ್, ಮುಸ್ಲಿಂ ವಿದ್ವಾಂಸರು. ಪುಸ್ತಕವನ್ನು ಕೋಟಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಸಾಗಿಸಿದರು, ಬೆಟ್ಟದ ಹಳ್ಳಿಯೊಂದರ ಮಸೀದಿಯಲ್ಲಿ ಅದನ್ನು ಯುದ್ಧ ಮುಗಿಯುವವರೆಗೆ ಬಚ್ಚಿಡಲಾಯಿತು ಎಂದು ಹೇಳುತ್ತಾರೆ. ಅದೇ ಕಾಲದಲ್ಲಿ ಅವರೂ ಅವರ ಹೆಂಡತಿ ಸೆರ್ವೆತ್ ಅವರೂ ಮೀರಾ ಪಾಪೊ ಎಂಬ ಯಹೂದಿ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಉಳಿಸಿದರು. ಯುದ್ಧಕ್ಕೆ ಮೊದಲು ಊರಿನಲ್ಲಿ ಸುಮಾರು ಹತ್ತು ಸಾವಿರ ಯಹೂದಿಗಳಿದ್ದರು. ಉಳಿದವರು ಬಹಳ ಕಡಿಮೆ. ಮೀರಾ ಕೊಟ್ಟ ಸಾಕ್ಷ್ಯದ ಮೇಲೆ ಇಸ್ರೇಲ್‌ನ ಯಾದ್ ವಾಶೆಮ್ ಸಂಸ್ಥೆ 1994ರಲ್ಲಿ ಕೋರ್ಕುತ್ ದಂಪತಿಗೆ ಗೌರವಪತ್ರ ನೀಡಿತು. 1999ರಲ್ಲಿ ಕೊಸೊವೊದಲ್ಲಿ ಯುದ್ಧವಾಗಿ ಕೋರ್ಕುತ್ ಅವರ ಮಗಳೇ ಮನೆಮಠ ಬಿಟ್ಟು ಓಡಬೇಕಾಗಿ ಬಂತು. ಅವರ ಕೈಯಲ್ಲಿದ್ದದ್ದು ಆ ಗೌರವಪತ್ರದ ಪ್ರತಿ. ಅದನ್ನು ತೋರಿಸಿದ್ದರಿಂದ ಇಸ್ರೇಲ್‌ನಲ್ಲಿ ಆಶ್ರಯ ಸಿಕ್ಕಿತು. ವಿಮಾನ ನಿಲ್ದಾಣಕ್ಕೆ ಎದುರುಗೊಳ್ಳಲು ಬಂದವನು ಮೀರಾಳ ಮಗ.

1992ರಲ್ಲಿ ಮತ್ತೆ ಅದೇ ಪುಸ್ತಕಕ್ಕೆ ಆಪತ್ತು. ಸಂಗ್ರಹಾಲಯ ಇದ್ದದ್ದು ಗುಂಡಿನ ಸಾಲಿನಲ್ಲೇ. ಪುರಾತತ್ವಜ್ಞ ಎನ್ವೆರ್ ಇಮಾಮೊವಿಚ್ ಕೆಲವು ಪೊಲೀಸರ ನೆರವಿನಿಂದ ಒಳಗೆ ನುಗ್ಗಿ ಅದನ್ನು ತಂದು ಬ್ಯಾಂಕಿನ ನೆಲಮಾಳಿಗೆಯ ತಿಜೋರಿಗೆ ಸೇರಿಸಿದರು.

ಈ ಸಂಗ್ರಹಾಲಯದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಯುದ್ಧ ಮುಗಿಸಿದ 1995ರ ಡೇಟನ್ ಒಪ್ಪಂದ ದೇಶವನ್ನು ಹೇಗೆ ಹಂಚಿತೆಂದರೆ, ಇಡೀ ದೇಶದ ಸಂಗ್ರಹಾಲಯಕ್ಕೆ ಹಣ ಕೊಡಬೇಕಾದವರು ಯಾರು ಎನ್ನುವುದೇ ಬಗೆಹರಿಯಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಬಾಗಿಲಿಗೆ ಹಲಗೆ ಬಡಿದರು. ಮತ್ತೆ ತೆರೆದದ್ದು 2015ರ ಸೆಪ್ಟೆಂಬರ್‌ನಲ್ಲಿ. ನಡುವಿನ ಮೂರು ವರ್ಷ ಸಿಬ್ಬಂದಿ ಸಂಬಳವಿಲ್ಲದೆ ಬಂದು ಕ್ಯೂರೇಟರ್ ಕೆಲಸ, ಕಾವಲು, ಕಸಗುಡಿಸುವುದು ಎಲ್ಲ ಮಾಡಿದರು. ಇದು ಶೆಲ್ಲಿನ ಸದ್ದಿಲ್ಲದ ಕಥೆ, ಆದ್ದರಿಂದ ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನೌಕರಿ ಮಾಡಿದವಳಾಗಿ ನನಗೆ ಇದೇ ಹೆಚ್ಚು ಭಾರವಾಗಿ ಕಂಡಿತು.

ಹುಸ್ರೆವ್ ಬೇಗ್‌ನ ಗ್ರಂಥಾಲಯದ ಸುಮಾರು ಹತ್ತು ಸಾವಿರ ಹಸ್ತಪ್ರತಿಗಳೂ ಉಳಿದವು. ನಿರ್ದೇಶಕ ಮುಸ್ತಫಾ ಯಾಹಿಚ್ ಮತ್ತು ಬೆರಳೆಣಿಕೆಯ ಸಿಬ್ಬಂದಿ ಅವನ್ನು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಗುಂಡು ಹಾರುತ್ತಿದ್ದ ಬೀದಿ, ಸೇತುವೆಗಳನ್ನು ದಾಟಿಸಿ, ಒಂದು ಜಾಗದಿಂದ ಇನ್ನೊಂದಕ್ಕೆ ಹಲವು ಸಲ ಸಾಗಿಸಿದರು. ಸಿಬ್ಬಂದಿಯಲ್ಲಿ ಕಾಂಗೋದಿಂದ ಬಂದಿದ್ದ ಒಬ್ಬ ರಾತ್ರಿ ಕಾವಲುಗಾರನೂ ಇದ್ದ. ಬಾಳೆಹಣ್ಣಿನ ಪೆಟ್ಟಿಗೆಯೇ ಯಾಕೆ ಎಂದು ನೀವು ಕೇಳಬಹುದು. ಗಟ್ಟಿ ರಟ್ಟು, ಎರಡೂ ಬದಿಗೆ ಹಿಡಿಯಲು ತೂತು, ಒಬ್ಬರು ಎತ್ತಬಹುದಾದ ತೂಕ. ಗ್ರಂಥಾಲಯ ಸ್ಥಳಾಂತರಿಸಿದ ಯಾರಿಗಾದರೂ ಇದರ ಮರ್ಮ ಗೊತ್ತಾಗುತ್ತದೆ. 2014ರಲ್ಲಿ ಅವು ಹೊಸ ಕಟ್ಟಡ ಸೇರಿದವು. ವಿಯೆಚ್ನಿಟ್ಸಾದಲ್ಲಿ ಸಿಗದ ಕಪಾಟುಗಳ ವಾಸನೆ ನನಗೆ ಅಲ್ಲಿ ಸಿಕ್ಕಿತು.

ಮುತ್ತಿಗೆ 1425 ದಿನ ನಡೆಯಿತು. 2012ರ ಏಪ್ರಿಲ್‌ನಲ್ಲಿ, ಇಪ್ಪತ್ತು ವರ್ಷ ತುಂಬಿದಾಗ, ಸತ್ತವರ ಲೆಕ್ಕದಂತೆ ಮುಖ್ಯ ಬೀದಿಯಲ್ಲಿ 11,541 ಖಾಲಿ ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಇದು ಬರೀ ಮುಸ್ಲಿಮರ ಮತ್ತು ಸೆರ್ಬರ ಜಗಳ ಎಂದು ನಾವು ದೂರದಿಂದ ಸರಳ ಮಾಡಿಕೊಂಡಿದ್ದೇವೆ. ಊರೊಳಗೆ ಉಳಿದು ಹಸಿದ ಸೆರ್ಬರು ಸಾವಿರಾರು ಮಂದಿ. ಊರನ್ನು ಕಾಯ್ದ ಸೇನೆಯ ಜನರಲ್‌ಗಳಲ್ಲಿ ಯೊವಾನ್ ದಿವ್ಯಾಕ್ ಸೆರ್ಬರೇ ಆಗಿದ್ದರು. ಮುತ್ತಿಗೆಯಲ್ಲಿದ್ದ ಊರಿಗೆ ಹೊರಗಿನ ದಾರಿಯಾಗಲೆಂದು ವಿಮಾನ ನಿಲ್ದಾಣದ ಅಡಿಯಲ್ಲಿ ತೋಡಿದ ಸುಮಾರು 800 ಮೀಟರ್ ಸುರಂಗದ ಒಂದು ತುಂಡನ್ನು ಈಗ ಪ್ರವಾಸಿಗಳಿಗೆ ತೋರಿಸುತ್ತಾರೆ. ನಾನು ಒಳಗೆ ಹೋಗಿ ಸೊಂಟ ಹಿಡಿದುಕೊಂಡು ಹೊರಬಂದೆ.

ಮಾರ್ಕಾಲೆ ಎಂಬ ತರಕಾರಿ ಮಾರುಕಟ್ಟೆಯಲ್ಲಿ 1994ರ ಫೆಬ್ರುವರಿ 5ರಂದು ಒಂದೇ ಶೆಲ್ಲಿಗೆ 68 ಜನ ಸತ್ತರು. ಶೆಲ್ಲು ಕಾಂಕ್ರೀಟಿಗೆ ಬಡಿದಾಗ ನೆಲದ ಮೇಲೆ ಪಂಜ ಊರಿದಂತಹ ಗುರುತು ಮೂಡುತ್ತದೆ. ಊರಿನಲ್ಲಿ ಇಂತಹ ಕೆಲವು ಗುರುತುಗಳಿಗೆ ಕೆಂಪು ರಾಳ ತುಂಬಿದ್ದಾರೆ, ‘ಸರಾಯೆವೊ ಗುಲಾಬಿ’ ಎನ್ನುತ್ತಾರೆ. ಮಾರ್ಕಾಲೆಯಲ್ಲಿ ನಾವು ಹೋದಾಗ ಸ್ಟ್ರಾಬೆರಿ ಕಾಲ. ಹಣ್ಣು ಮಾರುವ ಹೆಂಗಸು ಕಾಲಡಿಯ ನೆಲಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದಳು. ಅರ್ಧ ಕಿಲೋ ಕೊಂಡೆವು. ತೂಕದ ಮೇಲೆ ಒಂದು ಹಿಡಿ ಕೊಸರು ಹಾಕಿದಳು.

ಮಾತು ಮುಗಿದ ಮೇಲೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮುಂದಿನ ಸಾಲಿನ ಹಿರಿಯರೊಬ್ಬರು, “ಅಲ್ಲಿ ಸಸ್ಯಾಹಾರಿಗಳು ಏನು ತಿನ್ನಬೇಕು ತಾಯಿ?” ಎಂದು ಕೇಳಿದರು. ನಾನು ಈ ಪ್ರಶ್ನೆಗೇ ಕಾಯುತ್ತಿದ್ದೆ. ಊರಿನ ಹೆಸರುವಾಸಿ ತಿಂಡಿ ಚೆವಾಪಿ, ಮಾಂಸದ ಪುಟ್ಟ ಕೋಲುಗಳು, ಅದನ್ನು ಬಿಡಿ. ಆದರೆ ‘ಪಿತಾ’ ಎಂದು ಒಂದು ಇದೆ. ಹಿಟ್ಟನ್ನು ಮೇಜಿನ ತುಂಬ ಕಾಗದದಂತೆ ಎಳೆದು, ಹೂರಣ ತುಂಬಿ, ಸುರುಳಿ ಸುತ್ತಿ ಬೇಯಿಸುತ್ತಾರೆ. ಮುಚ್ಚಳದ ಮೇಲೂ ಕೆಂಡ ಹಾಕುತ್ತಾರೆ. ಪದರ ಪದರವಾಗಿ ನಮ್ಮ ಚಿರೋಟಿಯ ನೆಂಟನ ಹಾಗಿರುತ್ತದೆ, ಸಿಹಿ ಇಲ್ಲ ಅಷ್ಟೇ. ಆಲೂಗಡ್ಡೆಯದಾದರೆ ಕ್ರೊಂಪಿರುಶಾ, ಚೀಸಿನದಾದರೆ ಸಿರ್ನಿಟ್ಸಾ, ಸೊಪ್ಪಿನದಾದರೆ ಜೆಲ್ಯಾನಿಟ್ಸಾ. ಬೇರೆ ದೇಶಗಳಲ್ಲಿ ಇವನ್ನೆಲ್ಲ ‘ಬುರೆಕ್’ ಎನ್ನುತ್ತಾರೆ. ಸರಾಯೆವೊದಲ್ಲಿ ಬುರೆಕ್ ಎಂದರೆ ಮಾಂಸದ್ದು ಮಾತ್ರ. ‘ಆಲೂಗಡ್ಡೆ ಬುರೆಕ್ ಕೊಡಿ’ ಎಂದು ಕೇಳಿ ನಾನು ಒಂದು ಅಂಗಡಿಯಲ್ಲಿ ಪೂರ್ತಿ ಪಾಠ ಹೇಳಿಸಿಕೊಂಡೆ.

ಇನ್ನೊಂದು ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಸುಟ್ಟುಹೋದದ್ದರಲ್ಲಿ ಏನಾದರೂ ವಾಪಸು ಬಂತೇ?

ಮುದ್ರಿತ ಪುಸ್ತಕವಾದರೆ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತದೆ, ದಾನವಾಗಿ ಬಂದವು ಬಹಳ. ಹಸ್ತಪ್ರತಿಯ ಪಾಡು ಬೇರೆ. ವಿಯೆಚ್ನಿಟ್ಸಾಗಿಂತ ಮೂರು ತಿಂಗಳ ಮೊದಲು, 1992ರ ಮೇ 17ರಂದು, ಊರಿನ ಓರಿಯಂಟಲ್ ಇನ್‌ಸ್ಟಿಟ್ಯೂಟ್‌ಗೂ ಶೆಲ್ಲು ಬಿದ್ದು 5,263 ಹಸ್ತಪ್ರತಿಗಳು ಬೂದಿಯಾಗಿದ್ದವು. ಅರಬಿ, ಫಾರ್ಸಿ, ತುರ್ಕಿ, ಹೀಬ್ರೂ, ಜೊತೆಗೆ ಅರಬಿ ಲಿಪಿಯಲ್ಲಿ ಬರೆದ ಬೋಸ್ನಿಯನ್. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವಲ್ಲ, ಹಾಗೆ. 1994ರಲ್ಲಿ ಅಮೆರಿಕದಲ್ಲಿದ್ದ ಕೆಲವರು ಒಂದು ಉಪಾಯ ಮಾಡಿದರು. ಅವರಲ್ಲಿ ಹಾರ್ವರ್ಡ್‌ನ ಗ್ರಂಥಪಾಲಕ ಆಂದ್ರಾಶ್ ರೀಡ್ಲ್‌ಮೇಯರ್ ಒಬ್ಬರು. ಹಿಂದಿನ ವರ್ಷಗಳಲ್ಲಿ ಸರಾಯೆವೊಗೆ ಹೋಗಿ ಸಂಶೋಧನೆ ಮಾಡಿದ್ದ ಪರದೇಶದ ವಿದ್ವಾಂಸರು ತಮಗೆ ಬೇಕಾದ ಹಸ್ತಪ್ರತಿಗಳ ಮೈಕ್ರೋಫಿಲ್ಮು, ಜೆರಾಕ್ಸುಗಳನ್ನು ಮಾಡಿಸಿಕೊಂಡು ಹೋಗಿರುತ್ತಾರಲ್ಲ, ಅವನ್ನು ಹುಡುಕಿ ಒಂದೆಡೆ ಸೇರಿಸುವುದು. ಸಿಕ್ಕಿದ್ದು ಹೋದದ್ದರ ಸಣ್ಣ ಪಾಲು. ಆದರೆ ಯಾರದೋ ಮನೆಯ ಅಟ್ಟದಲ್ಲಿ, ಯಾವುದೋ ಕಡತದ ತಳದಲ್ಲಿ ಮಸುಕಾಗಿ ಬಿದ್ದಿದ್ದ ಜೆರಾಕ್ಸ್ ಹಾಳೆಗಳೇ ಆ ಗ್ರಂಥಗಳ ಉಳಿದಿರುವ ಏಕೈಕ ಪ್ರತಿಗಳಾದವು.

ನಮ್ಮ ಕಾಲೇಜಿನಲ್ಲಿ ಹಳೆಯ ಪುಸ್ತಕಗಳ ಬೆನ್ನು ಮುರಿಯುತ್ತದೆಂದು ಒಂದು ಬೋರ್ಡು ಬರೆಸಿ ತೂಗುಹಾಕಿದ್ದೆ, ‘ಇಲ್ಲಿನ ಅಪರೂಪದ ಗ್ರಂಥಗಳನ್ನು ಜೆರಾಕ್ಸ್ ಮಾಡಿಸಲು ಅವಕಾಶವಿಲ್ಲ’ ಎಂದು. ಹಳದಿ ಹಲಗೆ, ಕೆಂಪು ಅಕ್ಷರ. ಇಪ್ಪತ್ತೆರಡು ವರ್ಷ ಅದು ಅಲ್ಲೇ ಇತ್ತು.